ತುಳುಕದ ಬೋಗುಣಿ

ಹೊಸ ಜಾಗಕ್ಕೆ ಹೋದಾಗ ನಾವು ನೀವು ಗೋಡೆ ನೋಡುತ್ತೇವೆ, ಕಿಟಕಿ ನೋಡುತ್ತೇವೆ, ಅವರ ಮನೆಯ ಸೋಫಾ ನಮ್ಮದಕ್ಕಿಂತ ದೊಡ್ಡದೆಂದು ಸುಮ್ಮನೆ ಹೊಟ್ಟೆ ಉರಿಸಿಕೊಳ್ಳುತ್ತೇವೆ. ಡ್ರಾಯಿಂಗಕ್ಕ ನೆಲ ನೋಡುತ್ತಾಳೆ. ಹೊಸ್ತಿಲು ಎಷ್ಟು ಎತ್ತರ, ಟೈಲ್ಸಿನ ಸಂದು ಎಷ್ಟು ಅಗಲ, ಲಿಫ್ಟಿನ ಬಾಗಿಲಲ್ಲಿ ಗಾಲಿ ಸಿಕ್ಕಿಕೊಳ್ಳುವಷ್ಟು ಕಂಡಿ ಇದೆಯೋ ಇಲ್ಲವೋ, ಇಷ್ಟೇ ಅವಳ ವಿಚಾರಣೆ. ಅತ್ತೆಗೆ ಸೊಂಟದ ಆಪರೇಷನ್ ಆದ ದಿನ ನೆಂಟರೆಲ್ಲ ಆಸ್ಪತ್ರೆಯ ಓಣಿಯಲ್ಲಿ ಟ್ರಾಲಿಯ ಪಕ್ಕ ಕಣ್ಣೊರೆಸಿಕೊಳ್ಳುತ್ತ ನಡೆದರೆ ಇವಳು ಬಗ್ಗಿ ಗಾಲಿ ನೋಡುತ್ತ ನಡೆದಳು. "ಅತ್ತೆ ಇದ್ರೂ ಅಷ್ಟೇ, ಹೋದ್ರೂ ಅಷ್ಟೇ ಇವಳಿಗೆ" ಎಂದು ನಾದಿನಿ ಮೂಗು ಮುರಿದಳು. ಆದರೆ ಒಂದೊಂದು ಸಂದು ದಾಟುವಾಗಲೂ ಅತ್ತೆಯ ಹುಬ್ಬು ಗಂಟಿಕ್ಕುವುದನ್ನು ಆ ಇಡೀ ಬಳಗದಲ್ಲಿ ಕಂಡವಳು ಇವಳೊಬ್ಬಳೇ.

ಡ್ರಾಯಿಂಗಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಆಸ್ಪತ್ರೆಗಳಿಗೆ ಸ್ಟ್ರೆಚರು, ಟ್ರಾಲಿ, ಗಾಲಿಕುರ್ಚಿ ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ ಅವಳದು. ಸೇರಿದ ಹೊಸದರಲ್ಲಿ ಅಲ್ಲಿನ ವೆಲ್ಡರ್ ಹೊತ್ತುಗೊತ್ತಿಲ್ಲದೆ "ಡ್ರಾಯಿಂಗ್ ಎಲ್ಲಿ, ಅಕ್ಕಾ?" ಎಂದು ಕೂಗುತ್ತಿದ್ದ. ಕೂಗಿ ಕೂಗಿ ಎರಡೂ ಮಾತು ಅಂಟಿಕೊಂಡವು. ಈಗ ಅವಳಿಗೆ ಐವತ್ತರ ಹತ್ತಿರ, ತಲೆ ಅರ್ಧ ನೆರೆತಿದೆ, ಕಾರ್ಖಾನೆಯ ಕಾವಲುಗಾರನಿಗೆ ಕೂಡ ಅವಳ ನಿಜವಾದ ಹೆಸರು ನೆನಪಿಲ್ಲ. ಅವಳಿಗೂ ಅದರ ಬಗ್ಗೆ ಬೇಸರವಿಲ್ಲ. ಬೇಸರ ಮಾಡಿಕೊಳ್ಳುವುದು ಅವಳಿಗೆ ಅಷ್ಟಾಗಿ ಬಾರದ ವಿದ್ಯೆ.

ನೆಲ ನೋಡುವ ಈ ಹುಚ್ಚು ಹತ್ತಿದ್ದು ಮೊಟ್ಟೆಯಿಂದ. ಅವಳ ಅಪ್ಪ ಸೈಕಲ್ಲಿನಲ್ಲಿ ಅಂಗಡಿ ಅಂಗಡಿಗೆ ಮೊಟ್ಟೆ ಕೊಟ್ಟುಬರುತ್ತಿದ್ದ. ರಸ್ತೆ ಕೆಟ್ಟದ್ದು, ಸೈಕಲ್ಲಿನ ಕ್ಯಾರಿಯರ್ ಅದಕ್ಕಿಂತ ಕೆಟ್ಟದ್ದು. ದಾರಿಯಲ್ಲಿ ಒಡೆದದ್ದೆಲ್ಲ ಸಂಜೆ ಮನೆಯ ಬಾಣಲೆಗೆ ಬೀಳುತ್ತಿತ್ತು. ಒಂದು ರಜೆಯಲ್ಲಿ ಹುಡುಗಿ ಹಳೆಯ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಮೊಟ್ಟೆಯ ಟ್ರೇಯನ್ನು ಕ್ಯಾರಿಯರ್ ಮೇಲೆ ಕೂರಿಸುವ ಬದಲು ಆ ರಬ್ಬರ್ ಪಟ್ಟಿಗಳಲ್ಲಿ ತೂಗುಹಾಕಿದಳು. ಒಡೆಯುವುದು ನಿಂತೇಹೋಯಿತು. ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದ. ತಮ್ಮ ಮಾತ್ರ ಬರಿದಾದ ಬಾಣಲೆ ನೋಡಿ, ಅಕ್ಕ ತನ್ನ ಹೊಟ್ಟೆಯ ಮೇಲೆ ಹೊಡೆದಳೆಂದು ಗೋಳೋ ಎಂದು ಅತ್ತ. ಇವತ್ತಿಗೂ ಫೋನು ಮಾಡಿದಾಗ ಆ ಮಾತು ಎತ್ತದೆ ಬಿಡುವುದಿಲ್ಲ.

ಕಾರ್ಖಾನೆಯಲ್ಲಿ ಒಂದು ಕಟ್ಟಳೆ ಇದೆ. ಹೊಸದಾಗಿ ಮಾಡಿದ ಯಾವುದೇ ಟ್ರಾಲಿಯ ಮೇಲೆ ಅಂಚಿನವರೆಗೆ ನೀರು ತುಂಬಿದ ಸ್ಟೀಲ್ ಬೋಗುಣಿ ಇಟ್ಟು, ಹಿತ್ತಲಿನ ಅಂಗಳದಲ್ಲಿ ಕಲ್ಲು, ಹಲಗೆ, ಮುರಿದ ಇಟ್ಟಿಗೆಗಳ ಮೇಲೆ ಓಡಿಸಬೇಕು. ತುಳುಕಿದರೆ ಅದು ಗೇಟು ದಾಟಿ ಹೊರಗೆ ಹೋಗುವಂತಿಲ್ಲ. ನಕ್ಷೆ ಬರೆದವರು ಯಾರೇ ಇರಲಿ, ಬಟ್ಟೆ ಹಿಡಿದು ಕಾರ್ಖಾನೆಯ ನೆಲವನ್ನೆಲ್ಲ ಒರೆಸಬೇಕು. ಈ ಕಟ್ಟಳೆ ತಂದವರು ಯಜಮಾನರು. "ತುಂಬಿದ ಕೊಡ ತುಳುಕೋದಿಲ್ಲ" ಎಂದು ಅವರು ಹೇಳುವುದು ಜ್ಞಾನಿಗಳ ಬಗ್ಗೆ ಅಲ್ಲ, ನಿಜವಾದ ನೀರಿನ ಬಗ್ಗೆ. ಹಿಂದೊಮ್ಮೆ ತಮ್ಮದೇ ನಕ್ಷೆಯ ಗಾಲಿಕುರ್ಚಿ ನೀರು ಚೆಲ್ಲಿದಾಗ ಪ್ಯಾಂಟು ಮಡಚಿ ಅವರೇ ನೆಲ ಒರೆಸಿದ್ದರು, ಅದಕ್ಕೇ ಆ ಕಟ್ಟಳೆಗೆ ಬೆಲೆ. ಡ್ರಾಯಿಂಗಕ್ಕ ಬಟ್ಟೆ ಹಿಡಿದು ವರ್ಷಗಳೇ ಆಗಿದ್ದವು. ಅವಳಿಗೆ ಜಂಬ ಅಂತ ಏನಾದರೂ ಇದ್ದರೆ ಅದು ಅಷ್ಟೇ.

ಇನ್ನು ಅತ್ತೆಯ ವಿಷಯ. ಸೊಂಟ ಮುರಿದ ಮೇಲೆ ಅತ್ತೆ ಹೆಚ್ಚು ಹೊತ್ತು ಕೂರಲಾರರು, ನಡೆಯುವುದಂತೂ ದೂರದ ಮಾತು. ಕಿಟಕಿಯ ಪಕ್ಕದ ಮಂಚವೇ ಅವರ ರಾಜ್ಯ, ಅಲ್ಲಿಂದಲೇ ಅಡುಗೆಮನೆಯವರೆಗೆ ಆಳ್ವಿಕೆ. ಆ ಕಿಟಕಿಯಿಂದ ಎದುರಿನ ಗುಡ್ಡ ಕಾಣುತ್ತದೆ, ಗುಡ್ಡದ ಮೇಲೆ ನೀಲಿ ಬಾಗಿಲಿನ ಒಂದು ಮನೆ. ಅದು ಅತ್ತೆಯ ಅಕ್ಕನ ಮನೆ. ಮನೆಯವರಿಗೆಲ್ಲ ಆಕೆ ದೊಡ್ಡಮ್ಮ. ದೂರದ ಬೆಟ್ಟ ನುಣ್ಣಗೆ ಎನ್ನುವುದು ಸುಳ್ಳಲ್ಲ, ಕಿಟಕಿಯಿಂದ ನೋಡಿದರೆ ಅದು ಹುಲ್ಲು ಹೊದ್ದ ಸಾಧು ಗುಡ್ಡ. ಹತ್ತಲು ಹೋದವರಿಗೆ ಗೊತ್ತು, ನೀರಿನ ಟ್ಯಾಂಕಿನ ಹತ್ತಿರ ರಸ್ತೆ ಮುಗಿಯುತ್ತದೆ, ಅಲ್ಲಿಂದಾಚೆಗೆ ಬರೀ ಕಲ್ಲು, ಕೊರಕಲು, ಮುರಿದ ಮೆಟ್ಟಿಲು. ದೊಡ್ಡಮ್ಮನಿಗೆ ಮಂಡಿ ಹೋಗಿತ್ತು, ಇಳಿದು ಬರಲಾರರು. ಅತ್ತೆ ಹತ್ತಿ ಹೋಗಲಾರರು. ಅಕ್ಕ ತಂಗಿ ಇಬ್ಬರೂ ದಿನಾ ಫೋನಿನಲ್ಲಿ ಜಗಳವಾಡಿ ತೃಪ್ತಿಪಟ್ಟುಕೊಳ್ಳುತ್ತಿದ್ದರು.

ಒಮ್ಮೆ ನಾಲ್ಕು ಜನ ಸೇರಿ ಅತ್ತೆಯನ್ನು ಕುರ್ಚಿಯಲ್ಲಿ ಹೊತ್ತು ಹೊರಟಿದ್ದರು. ಅರ್ಧ ದಾರಿಯಲ್ಲಿ ಒಬ್ಬನ ಕಾಲು ಜಾರಿ ಕುರ್ಚಿ ಕಲ್ಲಿಗೆ ಬಡಿಯಿತು. ಆ ನೋವು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಅವರ ಜೊತೆಗೇ ಮಲಗಿತ್ತು. ಇನ್ನು ತನ್ನನ್ನು ಯಾರೂ ಎತ್ತಕೂಡದು ಎಂದು ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟರು. ಅವರು ಒಮ್ಮೆ ಹಟ ಹಿಡಿದರೆ ಗೋಡೆಯನ್ನಾದರೂ ಒಪ್ಪಿಸಬಹುದಿತ್ತು, ಅವರನ್ನಲ್ಲ.

ಹೀಗಿರುವಾಗ ದೊಡ್ಡಮ್ಮನ ಕಣ್ಣು ಮಂಜಾಗತೊಡಗಿತು. ಉಳಿದಿರುವ ಬೆಳಕೂ ಹೆಚ್ಚು ಕಾಲ ಇರದು ಎಂದು ವೈದ್ಯರು ಹೇಳಿದರು. ಅವತ್ತು ಫೋನಿನಲ್ಲಿ ಜಗಳವೇ ಆಗಲಿಲ್ಲ. ದೊಡ್ಡಮ್ಮ ಹೇಳಿದ್ದು ಇಷ್ಟೇ: "ಪೂರ್ತಿ ಕತ್ತಲಾಗೋದ್ರೊಳಗೆ ಒಂದ್ಸಲ ಬಂದು ಹೋಗೇ. ಮುಖ ನೋಡ್ಬೇಕು." ಅತ್ತೆ ಫೋನನ್ನು ಎದೆಯ ಮೇಲಿಟ್ಟುಕೊಂಡು ಸುಮ್ಮನೆ ಮಲಗಿದರು. ಸೊಸೆ ತಟ್ಟೆ ತಂದಿಟ್ಟರೆ ಉಪ್ಪು ಹೆಚ್ಚಾಯಿತೆಂದು ಕೂಡ ಬೈಯಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ಅತ್ತೆ, ನಾನು ಕರ್ಕೊಂಡು ಹೋಗ್ತೀನಿ" ಎಂದಳು.

"ಹೇಗೆ? ಹೆಗಲ ಮೇಲಾ?"

"ನಮ್ಮ ಏಡಿ ಮೇಲೆ."

ಏಡಿ ಎಂದರೆ ಕಾರ್ಖಾನೆಯಲ್ಲಿ ಆಗ ಸಿದ್ಧವಾಗುತ್ತಿದ್ದ ರೋಬೋಟು. ಗುಡ್ಡ ಕುಸಿದಲ್ಲಿ, ಕಟ್ಟಡ ಬಿದ್ದಲ್ಲಿ ಗಾಯಗೊಂಡವರನ್ನು ಹೊರಗೆ ತರುವ ರಕ್ಷಣಾ ಪಡೆಯವರು ಅದನ್ನು ಕೇಳಿದ್ದರು. ಎರಡೂ ಮಗ್ಗುಲಲ್ಲಿ ಗಾಲಿ ಕಟ್ಟಿದ ತೋಳುಗಳು, ನಡುವೆ ಒಬ್ಬರು ಮಲಗುವಷ್ಟು ಹಾಸಿಗೆ. ಮುಂದಿನ ಕ್ಯಾಮರಾದಲ್ಲಿ ನೆಲ ನೋಡಿಕೊಂಡು, ಯಾವ ತೋಳನ್ನು ಎಷ್ಟು ಎತ್ತಬೇಕೆಂದು ತಾನೇ ತೀರ್ಮಾನಿಸುತ್ತಿತ್ತು. ರಿಮೋಟು ಹಿಡಿದು ಒಬ್ಬರು ಹಿಂದೆ ನಡೆದರೆ ಸಾಕು. ಅದರ ಗುಟ್ಟು ಬಹಳ ಸರಳ. ಎರಡು ಗಾಲಿಗಳನ್ನು ಒಂದು ತೋಳಿನ ಎರಡು ತುದಿಗೆ ಕಟ್ಟಿ ತೋಳಿನ ನಡುವೆ ಕೀಲು ಇಟ್ಟರೆ, ಒಂದು ಗಾಲಿ ಕಲ್ಲು ಹತ್ತಿದಾಗ ನಡುಭಾಗ ಅದರ ಅರ್ಧದಷ್ಟೇ ಏಳುತ್ತದೆ. ಆ ನಡುಭಾಗವನ್ನು ಇನ್ನೊಂದು ತೋಳಿಗೆ ಕಟ್ಟಿದರೆ ಅರ್ಧದಲ್ಲಿ ಅರ್ಧ. ಹೀಗೆ ಕಲ್ಲಿನ ಏಟನ್ನು ತೋಳುಗಳು ಹಂಚಿಕೊಂಡು ತಿನ್ನುತ್ತವೆ, ಹಾಸಿಗೆಗೆ ಮುಟ್ಟುವುದು ಚೂರು ಪಾರು. ಆ ಚೂರೂ ಬೇಡವೆಂದು ಡ್ರಾಯಿಂಗಕ್ಕ ಹಾಸಿಗೆಯನ್ನು ಮೆತ್ತನೆಯ ಸ್ಪ್ರಿಂಗುಗಳಲ್ಲಿ ತೂಗುಹಾಕಿದ್ದಳು. ಅಪ್ಪನ ಸೈಕಲ್ಲಿನ ಮೊಟ್ಟೆ ಟ್ರೇ ಹಾಗೆ.

ಬೋಗುಣಿ ಇಟ್ಟು ಓಡಿಸಿದರು. ಇಟ್ಟಿಗೆ ಹತ್ತಿತು, ಹಳ್ಳಕ್ಕೆ ಇಳಿಯಿತು, ಹಲಗೆಯಿಂದ ಧುಮುಕಿತು. ಒಂದು ಹನಿ ಚೆಲ್ಲಲಿಲ್ಲ. ವೆಲ್ಡರ್ ಬೋಗುಣಿಯ ಸುತ್ತ ಬೆರಳಾಡಿಸಿ, ಒಣ ಬೆರಳನ್ನು ಎಲ್ಲರಿಗೂ ತೋರಿಸಿದ. ಯಜಮಾನರು ಚಹಾ ತರಿಸಿದರು. ಅತ್ತೆಯ ವಿಷಯ ಕೇಳಿದಾಗ, "ಕರ್ಕೊಂಡು ಬಾಮ್ಮ, ಮೊದಲು ಅಂಗಳದಲ್ಲಿ ಸುತ್ತಿಸಿ ನೋಡೋಣ" ಎಂದರು.

ಅಕ್ಕನನ್ನು ನೋಡುವ ಆಸೆಗೆ ಅತ್ತೆ ಹೇಗೋ ಒಪ್ಪಿದರು, ಅಂಬುಲೆನ್ಸು ಮಾಡಿಕೊಂಡು ಕರೆತಂದರು. ಅವರನ್ನು ಹಾಸಿಗೆಯ ಮೇಲೆ ಮಲಗಿಸಿ ಪಟ್ಟಿ ಬಿಗಿದಾಗ ಅತ್ತೆಯ ಮುಖದಲ್ಲಿ ವಧೆಗೆ ಹೊರಟವರ ಕಳೆ. ಏಡಿ ಹೊರಟಿತು. ಕಲ್ಲಿನ ಮೇಲೆ ಹತ್ತಿಳಿಯಿತು. ಅತ್ತೆಯ ಹುಬ್ಬು ಗಂಟಿಕ್ಕಲಿಲ್ಲ. ಡ್ರಾಯಿಂಗಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಎರಡನೆಯ ಸುತ್ತಿನಲ್ಲಿ ಅತ್ತೆ ತುಟಿ ಬಿಗಿಹಿಡಿದರು. ಮೂರನೆಯದರಲ್ಲಿ ಕೈ ಎತ್ತಿದರು, ಏನೋ ಹೇಳಲು ಬಾಯಿ ತೆರೆದರು, ಮಾತಿನ ಬದಲು ಬೆಳಗಿನ ತಿಂಡಿ ಬಂತು.

ಬಾಯಿ ತೊಳೆಸಿ, ಮುಖ ಒರೆಸಿ, "ನೋವಾಯ್ತಾ ಅತ್ತೆ?" ಎಂದು ಕೇಳಿದಳು.

"ನೋವಿಲ್ಲ ಮಾರಾಯ್ತಿ. ಜೀವವೇ ಇಲ್ಲ. ಆಕಾಶ ಎಲ್ಲ ಆ ಕಡೆ ಈ ಕಡೆ ಹೋಗ್ತಾ ಇತ್ತು."

"ನೀರು ಒಂದು ಹನಿ ಕೂಡ ತುಳುಕಿರ್ಲಿಲ್ಲ..."

"ನೀರಿಗೆ ಹೊಟ್ಟೆ ಇದೆಯಾ? ನನಗಿದೆ." ಅತ್ತೆ ಕಣ್ಣು ಮುಚ್ಚಿದರು. "ಮನೆಗೆ ಕರ್ಕೊಂಡು ಹೋಗು. ಅಕ್ಕನಿಗೆ ನಾನೇ ಹೇಳ್ತೀನಿ, ಬರೋಕಾಗಲ್ಲ ಅಂತ."

ಆ ಸಂಜೆ ಬಟ್ಟೆ ಒಗೆಯಲು ಬಚ್ಚಲಿಗೆ ಹೋದ ಡ್ರಾಯಿಂಗಕ್ಕ ಬಕೆಟ್ಟಿನಲ್ಲಿ ನೀರು ತುಂಬಿ ಹಿಡಿಕೆ ಹಿಡಿದು ಸುಮ್ಮನೆ ಆಚೀಚೆ ತೂಗಿದಳು. ಬಕೆಟ್ಟು ವಾಲಿದತ್ತಲೇ ನೀರೂ ವಾಲಿತು, ಚೆಲ್ಲಲಿಲ್ಲ. ಇನ್ನೂ ಜೋರಾಗಿ ತೂಗಿದಳು. ಆಗಲೂ ಚೆಲ್ಲಲಿಲ್ಲ. ಚಿಕ್ಕಂದಿನಲ್ಲಿ ತಮ್ಮನ ಎದುರು ಪಂದ್ಯ ಕಟ್ಟಿ ಬಕೆಟ್ಟನ್ನು ತಲೆಯ ಮೇಲಿಂದ ಸುತ್ತಿಸಿದ್ದವಳು ಇವಳೇ. ತೂಗುವ ನೀರು ತುಳುಕುವುದಿಲ್ಲ ಎಂಬುದು ಗೊತ್ತಿದ್ದೂ ಗೊತ್ತಿದ್ದೂ, ಬೋಗುಣಿಯ ಪರೀಕ್ಷೆಯನ್ನು ಅವಳು ಕಣ್ಣು ಮುಚ್ಚಿ ನಂಬಿದ್ದಳು. ಇಷ್ಟು ದಿನ ನೀರನ್ನು ಸಂತೋಷಪಡಿಸುತ್ತ ಕೂತಿದ್ದಳು. ಕುಲುಕಾಟ ತೆಗೆದು ತೂಗಾಟ ತಂದಿಟ್ಟಿದ್ದಳು, ಮೇಲೆ ಮಲಗಿದವರಿಗೆ ಹೇಗಿರುತ್ತದೆಂದು ಒಮ್ಮೆಯೂ ತಾನೇ ಮಲಗಿ ನೋಡಿರಲಿಲ್ಲ. ತನ್ನ ಮೇಲೆ ತನಗೇ ಕೆಟ್ಟ ಸಿಟ್ಟು ಬಂತು.

ಗಂಡ ಬಸ್ಸಿನ ಚಾಲಕ. ಮನೆಗೆ ಬಂದವನು ಹೆಂಡತಿಯ ಬಾಡಿದ ಮುಖ ನೋಡಿದ, ತಾಯಿಯ ಮುಖ ನೋಡಿದ, ನಡುವೆ ಬೀಳದೆ ಊಟಕ್ಕೆ ಕೂತ. ಇಬ್ಬರ ನಡುವೆ ಬೀಳದಿರುವುದೇ ಅವನ ಸಂಸಾರದ ಸೂತ್ರ. ಆದರೂ ಕೈ ತೊಳೆಯುವಾಗ ಹೆಂಡತಿಯೇ ಕೇಳಿದಳು.

"ರೀ, ನಿಮ್ಮ ಬಸ್ಸಲ್ಲಿ ವಾಂತಿ ಮಾಡೋರು ಯಾರು ಜಾಸ್ತಿ?"

"ಈಗಷ್ಟೇ ಉಂಡಿದೀನಿ ಕಣೇ."

"ಹೇಳ್ರಿ."

"ಹಿಂದಿನ ಸೀಟಿನೋರು. ತಲೆ ಬಗ್ಗಿಸ್ಕೊಂಡು ಮೊಬೈಲ್ ನೋಡೋರು. ಅಂಥೋರನ್ನ ಮುಂದೆ ಕರೆದು ಕೂರಿಸ್ತೀನಿ. ದಾರಿ ಕಾಣ್ತಾ ಇದ್ರೆ ಹೊಟ್ಟೆ ಸುಮ್ನಿರತ್ತೆ." ಸ್ವಲ್ಪ ತಡೆದು ಸೇರಿಸಿದ: "ಅಮ್ಮನ್ನ ಮಲಗಿಸಿ ಬರೀ ಆಕಾಶ ತೋರಿಸಿದ್ಯಾ?"

ಅವಳು ಆಗಲೇ ಒದ್ದೆ ಕೈಯಲ್ಲೇ ಪೆನ್ಸಿಲು ಹುಡುಕುತ್ತಿದ್ದಳು.

ಮರುದಿನ ಕಾರ್ಖಾನೆಯಲ್ಲಿ ಅವಳು ಮೊದಲು ಮಾಡಿದ್ದು ಏಡಿಯ ಮೇಲೆ ತಾನೇ ಮಲಗಿದ್ದು. ವೆಲ್ಡರ್ ರಿಮೋಟು ಹಿಡಿದ. ಇಳಿದಾಗ ಅವಳ ಬಣ್ಣ ಹೇಗಿತ್ತೆಂದರೆ ವೆಲ್ಡರ್ ಬಕೆಟ್ಟು ತರಲು ಓಡಿದ. ಆಮೇಲೆ ಇಬ್ಬರೂ ಕೆಲಸಕ್ಕೆ ಕೂತರು. ಮೆತ್ತನೆಯ ಸ್ಪ್ರಿಂಗುಗಳನ್ನು ಬಿಚ್ಚಿ ಗಟ್ಟಿಯವನ್ನು ಹಾಕಿದರು. ತೂಗಾಟಕ್ಕೆ ಮೂಗುದಾರ ಹಾಕಲು ಸ್ಕೂಟರಿನ ಶಾಕ್ ಅಬ್ಸಾರ್ಬರುಗಳನ್ನು ಓರೆಯಾಗಿ ಬಿಗಿದರು. ಈಗ ಹಾಸಿಗೆ ಒಮ್ಮೆ ಅಲುಗಿದರೆ ಎರಡನೆಯ ಸಲ ಅಲುಗದೆ ನಿಲ್ಲುತ್ತಿತ್ತು. ಸೊಂಟಕ್ಕೆ ಭಾರ ಬೀಳದಂತೆ ತಲೆಯ ಕಡೆ ಎತ್ತರಿಸಿ, ಮಲಗಿದವರ ಮುಖ ಹೋಗುವ ದಾರಿಯತ್ತ ತಿರುಗುವಂತೆ ಹಾಸಿಗೆಯನ್ನೇ ತಿರುಗಿಸಿ ಕೂರಿಸಿದರು. ಅವಳು ಮಲಗಿ ನೋಡಿದಳು, ವೆಲ್ಡರನನ್ನು ಮಲಗಿಸಿ ನೋಡಿದಳು, ಮತ್ತೆ ಬಿಚ್ಚಿ ಮತ್ತೆ ಬಿಗಿದಳು. ಸಣ್ಣ ಸಣ್ಣ ಅದುರು ತಿಳಿಯುತ್ತಿತ್ತು. ಆದರೆ ಹೊಟ್ಟೆ ಸುಮ್ಮನಿತ್ತು, ಸೊಂಟಕ್ಕೆ ಏಟು ಬೀಳುತ್ತಿರಲಿಲ್ಲ.

ಇನ್ನು ಉಳಿದದ್ದು ಬೋಗುಣಿ. ಇಡೀ ಕಾರ್ಖಾನೆ ಅಂಗಳದಲ್ಲಿ ನೆರೆಯಿತು. ಏಡಿ ಮೊದಲನೆಯ ಇಟ್ಟಿಗೆ ಹತ್ತಿತು, ನೀರು ತುಳುಕಿತು. ಹಲಗೆಯಿಂದ ಇಳಿಯಿತು, ಇನ್ನಷ್ಟು ತುಳುಕಿತು. ಎಲ್ಲರೂ ಅವಳ ಮುಖ ನೋಡಿದರು.

"ಒಳ್ಳೇದಿದ್ದದ್ದನ್ನ ಯಾಕಮ್ಮ ಕೆಡಿಸಿದೆ?" ಎಂದರು ಯಜಮಾನರು. ದನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಾಗಿತ್ತು. "ಇದು ಗೇಟು ದಾಟೋ ಹಾಗಿಲ್ಲ. ನಿಮ್ಮ ಅತ್ತೆಗಾಗಿ ಅಂತ ಕಟ್ಟಳೆ ಮುರಿಯೋಕಾಗಲ್ಲ."

"ಮುರೀಬೇಡಿ ಸರ್. ಒಂದ್ಸಲ ಮಲಗಿ ನೋಡಿ."

"ಯಾರು, ನಾನಾ?"

"ಹೌದು. ಮೊದಲು ಹಳೇ ಸ್ಪ್ರಿಂಗ್ ಮೇಲೆ, ಆಮೇಲೆ ಇದರ ಮೇಲೆ."

ಯಜಮಾನರು ಸ್ಥೂಲಕಾಯದವರು, ಆಗತಾನೇ ಊಟ ಮುಗಿಸಿ ಬಂದಿದ್ದರು. ಆದರೆ ಇಷ್ಟು ಜನರ ಮುಂದೆ ಹಿಂದೆಗೆಯುವುದು ಹೇಗೆ? ವೆಲ್ಡರ್ ಹಳೆಯ ಸ್ಪ್ರಿಂಗುಗಳನ್ನು ಹಾಕಿ, ಹಾಸಿಗೆಯನ್ನು ಮೊದಲಿನಂತೆ ಆಕಾಶಕ್ಕೆ ಮುಖಮಾಡಿಸಿ, ಬೇಕೆಂದೇ ಸ್ವಲ್ಪ ಉದ್ದದ ಸುತ್ತು ಹೊಡೆಸಿದ. ಯಜಮಾನರು ಪೂರ್ತಿ ಮೂರು ಸುತ್ತು ಮುಗಿಸಲಿಲ್ಲ. ಗೋಡೆ ಹಿಡಿದು ಬಹಳ ಹೊತ್ತು ನಿಂತರು, ನಿಂಬೆಹಣ್ಣು ಮೂಸಿದರು, ತಮ್ಮನ್ನು ತಾವೇ ಬೈದುಕೊಂಡರು. ಸುಧಾರಿಸಿಕೊಂಡ ಮೇಲೆ ಹೊಸ ಹಾಸಿಗೆಯಲ್ಲಿ ಮಲಗಿ ಅಂಗಳವೆಲ್ಲ ಸುತ್ತಿ, ಇಳಿದು, ಆ ಸ್ಟೀಲ್ ಬೋಗುಣಿಯನ್ನು ಕೈಗೆತ್ತಿಕೊಂಡು ಹಳೆಯ ಸ್ನೇಹಿತನನ್ನು ನೋಡುವ ಹಾಗೆ ನೋಡಿದರು.

"ಇಷ್ಟು ವರ್ಷ ಇದನ್ನ ನಂಬಿದ್ವಲ್ಲ" ಎಂದರು. "ಇನ್ಮೇಲೆ ನಕ್ಷೆ ಬರೆದೋರು ಮೊದಲು ತಾವೇ ಮಲಗ್ಬೇಕು. ಬೋಗುಣಿ ಆಮೇಲೆ. ಇದು ಗೇಟು ದಾಟ್ಲಿ." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಆದ್ರೂ ನೀರು ಚೆಲ್ಲಿದೆ ಅಂದ್ಮೇಲೆ ಒರೆಸೋದು ಒರೆಸೋದೇ."

ಡ್ರಾಯಿಂಗಕ್ಕ ಬಟ್ಟೆ ಹಿಡಿದಳು. ಮೂಲೆ ಮೂಲೆಯನ್ನೂ ಒರೆಸಿದಳು, ಯಂತ್ರಗಳ ಕೆಳಗೆ ಮಂಡಿಯೂರಿ ಒರೆಸಿದಳು. ಅವಳ ಜಂಬವೂ ಆ ನೀರಿನ ಜೊತೆಗೇ ಬಕೆಟ್ಟಿಗೆ ಹೋಯಿತು, ಹೋದದ್ದು ಅವಳಿಗೆ ಗೊತ್ತೂ ಆಗಲಿಲ್ಲ. ಒರೆಸುತ್ತ ಒರೆಸುತ್ತ ಏನೋ ಗುನುಗುತ್ತಿದ್ದಳು ಎಂದು ವೆಲ್ಡರ್ ಇವತ್ತಿಗೂ ಹೇಳುತ್ತಾನೆ.

ಅತ್ತೆಯನ್ನು ಒಪ್ಪಿಸುವುದು ಯಜಮಾನರನ್ನು ಮಲಗಿಸಿದಷ್ಟು ಸುಲಭವಿರಲಿಲ್ಲ. ತಾನು ಮಲಗಿ ನೋಡಿದ್ದನ್ನು, ಯಜಮಾನರು ಗೋಡೆ ಹಿಡಿದದ್ದನ್ನು ಸೊಸೆ ಹೇಳಿದಳು. ಅತ್ತೆ ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿಸಿಕೊಂಡರು.

"ಅಷ್ಟು ದಪ್ಪ ಮನುಷ್ಯ ಗೋಡೆ ಹಿಡಿದ್ನಾ?"

"ಹೂಂ ಅತ್ತೆ. ನಿಂಬೆಹಣ್ಣು ಬೇರೆ."

ಅತ್ತೆಯ ಹೊಟ್ಟೆ ಹೊದಿಕೆಯ ಕೆಳಗೆ ಕುಣಿಯಿತು. ನಗು ನಿಂತ ಮೇಲೆ ಹೇಳಿದರು: "ವಾಂತಿ ಬಂದ್ರೆ ನಿನ್ನ ಮೇಲೇ ಮಾಡ್ತೀನಿ. ದೂರ ನಿಲ್ಲಬೇಡ."

ನೀರಿನ ಟ್ಯಾಂಕಿನವರೆಗೆ ಅಂಬುಲೆನ್ಸು. ಅಲ್ಲಿಂದ ಏಡಿ. ಗಂಡ ಮುಂದೆ ನಡೆದ, ವೆಲ್ಡರ್ ರಿಮೋಟು ಹಿಡಿದ, ಡ್ರಾಯಿಂಗಕ್ಕ ಎಂದಿನಂತೆ ಬಗ್ಗಿಕೊಂಡು ಗಾಲಿ ನೋಡುತ್ತ ನಡೆದಳು. ಏಡಿ ಒಂದೊಂದೇ ತೋಳು ಎತ್ತಿ, ಕಲ್ಲನ್ನು ತಡವಿ, ಭಾರ ಬಿಟ್ಟು ಮುಂದಕ್ಕೆ ಸರಿಯಿತು. ಹಿಂದೆ ಕುರ್ಚಿ ಬಡಿದಿದ್ದ ಜಾಗ ಬಂದಾಗ ಅತ್ತೆ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದರು. ಎಡಗಡೆಯ ತೋಳು ಆ ಕಲ್ಲನ್ನು ಹತ್ತಿ ಇಳಿಯಿತು. ಹಾಸಿಗೆ ಒಮ್ಮೆ ಅಲುಗಿ ನಿಂತಿತು.

"ಮುಗೀತಾ?" ಎಂದರು ಅತ್ತೆ.

"ದಾಟಿ ಆಯ್ತು."

ಅತ್ತೆ ಅಂಚು ಬಿಟ್ಟರು. ಅಲ್ಲಿಂದ ಮುಂದೆ ದಾರಿ ನೋಡಿಕೊಂಡು, ಆ ಹುಲ್ಲು ಇಷ್ಟೆತ್ತರ ಬೆಳೆದಿದೆ, ಆ ಮೆಟ್ಟಿಲು ಯಾರು ಕಿತ್ತರು ಎಂದು ಎಲ್ಲರ ತಲೆ ತಿಂದರು. ಸೊಸೆಗೆ ಆ ಗೊಣಗಾಟ ಕೇಳಿ ಕಣ್ಣು ತುಂಬಿತು.

ನೀಲಿ ಬಾಗಿಲಿನ ಮುಂದೆ ದೊಡ್ಡಮ್ಮ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೋಟಾರಿನ ಸದ್ದು ಬಂದತ್ತ ಮುಖ ತಿರುಗಿಸಿದರು. ಏಡಿಯನ್ನು ಕುರ್ಚಿಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದರು. ದೊಡ್ಡಮ್ಮ ಬಗ್ಗಿದರು, ಇನ್ನೂ ಬಗ್ಗಿದರು, ಮೂಗಿಗೆ ಮೂಗು ತಾಗುವವರೆಗೆ ಬಗ್ಗಿ ತಂಗಿಯ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹುಬ್ಬು ಕೂಡ ಬೆಳ್ಳಗಾಗಿದೆಯಲ್ಲೇ."

"ನಿನಗೆ ಕಾಣ್ಸುತ್ತಾ?"

"ಇಷ್ಟು ಹತ್ತಿರ ಬಂದ್ರೆ ಕಾಣ್ಸುತ್ತೆ. ಅದಕ್ಕೇ ಅಲ್ವಾ ಬಾ ಅಂದಿದ್ದು."

 ಇಬ್ಬರೂ ಹಾಗೇ ಇದ್ದರು, ಗಂಡ ಟ್ಯಾಂಕಿನತ್ತ ನೋಡುವ ನೆಪದಲ್ಲಿ ಬೆನ್ನು ತಿರುಗಿಸಿದ. ಆಮೇಲೆ ದೊಡ್ಡಮ್ಮನ ಕೈ ಹಾಸಿಗೆಯ ಅಂಚಿಗೆ ಬಂತು, ಅಲ್ಲಿಂದ ಸ್ಪ್ರಿಂಗಿಗೆ, ತೋಳಿಗೆ, ಗಾಲಿಗೆ ಇಳಿಯಿತು.

"ಇದನ್ನ ಎಲ್ಲಿಂದ ತಂದ್ರಿ?"

"ತರೋದೇನು ಬಂತು, ನಮ್ಮ ಮನೇದೇ" ಎಂದರು ಅತ್ತೆ. "ನನ್ನ ಸೊಸೆ ಮಾಡಿದ್ದು. ಅವಳೇ ಮಲಗಿ ನೋಡಿ ಮಾಡಿದ್ದು."

ಮದುವೆಯಾದಂದಿನಿಂದ ಅತ್ತೆ ಅವಳನ್ನು 'ಇವಳು' ಎಂದಿದ್ದರು, 'ಏನೇ' ಎಂದಿದ್ದರು, ಸಿಟ್ಟು ಬಂದಾಗ 'ನಿಮ್ಮ ಹೆಂಡತಿ' ಎಂದು ಮಗನಿಗೇ ಬಹುವಚನ ಹಚ್ಚಿದ್ದರು. 'ನನ್ನ ಸೊಸೆ' ಎಂದದ್ದು ಇದೇ ಮೊದಲು. ಡ್ರಾಯಿಂಗಕ್ಕ ಗಾಲಿಯ ಪಕ್ಕ ಕೂತು, ಬಿಗಿಯಾಗಿಯೇ ಇದ್ದ ನಟ್ಟೊಂದನ್ನು ಮತ್ತೆ ಬಿಗಿದಳು.

ಅಕ್ಕ ತಂಗಿ ಮಧ್ಯಾಹ್ನವೆಲ್ಲ ಮಾತಾಡಿದರು. ನಡುವೆ ಒಂದು ಜಗಳವೂ ಆಯಿತು, ಚಿಕ್ಕಂದಿನಲ್ಲಿ ಬಾವಿಗೆ ಬಿದ್ದ ಬಳೆ ಯಾರದೆಂದು. ಅದು ತೀರ್ಮಾನವಾಗಲಿಲ್ಲ, ಮುಂದಿನ ಸಲ ಬಂದಾಗ ನೋಡೋಣ ಎಂದು ದೊಡ್ಡಮ್ಮ ಹೇಳಿದರು.

ಬಿಸಿಲು ತಗ್ಗಿದ ಮೇಲೆ ಇಳಿಯತೊಡಗಿದರು. ಸ್ವಲ್ಪ ದೂರ ಅತ್ತೆಯ ಮಾತು ಕೇಳುತ್ತಿತ್ತು, ಆಮೇಲೆ ನಿಂತಿತು.  ನೋವಾಯಿತೋ, ಹೊಟ್ಟೆ ತೊಳಸುತ್ತಿದೆಯೋ, ಹೇಳದೆ ಸಹಿಸಿಕೊಂಡಿದ್ದಾರೋ. "ನಿಲ್ಸು, ನಿಲ್ಸು" ಎಂದು ಡ್ರಾಯಿಂಗಕ್ಕ ವೆಲ್ಡರನಿಗೆ ಕೈ ಮಾಡಿ, ಕಲ್ಲುಗಳ ಮೇಲೆ ಎಡವುತ್ತ ಮುಂದಕ್ಕೆ ಓಡಿ ಮುಖ ನೋಡಿದಳು.

ಅತ್ತೆ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು. ಸೊಂಟ ಮುರಿದಂದಿನಿಂದ ಮಾತ್ರೆ ಇಲ್ಲದೆ ನಿದ್ದೆ ಕಾಣದವರು, ಹಗಲ ಬೆಳಕಿನಲ್ಲಿ, ಗುಡ್ಡದ ಕೊರಕಲಿನ ನಡುವೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಏಡಿ ನಿಂತದ್ದಕ್ಕೆ ಅವರಿಗೆ ಎಚ್ಚರವಾಯಿತು. ತೂಕಡಿಕೆಯ ಕಣ್ಣು ತೆರೆದು, ಎದುರಿಗೆ ಏದುಸಿರು ಬಿಡುತ್ತ ನಿಂತ ಸೊಸೆಯನ್ನು ನೋಡಿದರು.

"ಯಾಕೆ ನಿಲ್ಲಿಸ್ದೆ?" ಎಂದರು. "ಹೋಗ್ತಾ ಇರು."